ಅಡ್ಡ ಬಂದ ನಾಯಿ, ಬ್ರೇಕ್ ಲಿವರ್ ಮೇಲಿಲ್ಲದ ಬೆರಳು

ಸಂಜೆಯ ಮಬ್ಬುಗತ್ತಲು. ರಸ್ತೆ ಖಾಲಿ. ಬೈಕು 60ರ ಆಸುಪಾಸಿನಲ್ಲಿ ಆರಾಮಾಗಿ ಹೋಗುತ್ತಿತ್ತು. ಎಡಗಡೆಯ ಪೊದೆಯಿಂದ ಕಂದು ನಾಯಿಯೊಂದು ಹೊರಗೆ ಬಂತು. ನಡುರಸ್ತೆಗೆ ಬಂದು ನನ್ನ ಕಡೆ ನೋಡಿತು. ನಿಂತಿತು. ಎರಡು ಹೆಜ್ಜೆ ಹಿಂದೆ ಹೋಯಿತು. ಆಮೇಲೆ ಅದಕ್ಕೆ ಏನನ್ನಿಸಿತೋ, ಮತ್ತೆ ಮುಂದಕ್ಕೇ ಓಡಿತು.

ಅಷ್ಟರಲ್ಲಿ ನನ್ನ ಬಲಗಾಲು ಹಿಂದಿನ ಬ್ರೇಕನ್ನು ಪೂರ್ತಿ ತುಳಿದಾಗಿತ್ತು. ಹಿಂದಿನ ಚಕ್ರ ಲಾಕ್ ಆಗಿ, ಅಂದರೆ ಸುತ್ತುವುದೇ ನಿಂತು, ಕಿರ್ರ್ ಅಂತ ಎಳೆದುಕೊಂಡು ಬಲಕ್ಕೆ ವಾಲಿತು. ಬೈಕು ನಿಲ್ಲಲಿಲ್ಲ, ಸುಮ್ನೆ ಜಾರುತ್ತಾ ಹೋಯಿತು. ನಾಯಿಯ ಬಾಲಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಮೊಳ ಉಳಿದಿರಬೇಕು. ಅದು ಹೋಯಿತು. ನಾನು ಬೀಳಲಿಲ್ಲ.

ರಸ್ತೆ ಬದಿಗೆ ಬೈಕು ನಿಲ್ಲಿಸಿ, ಕೈ ನಡುಕ ನಿಂತ ಮೇಲೆ ಹೊಳೆದದ್ದು ಇದು: ನನ್ನ ಬೈಕಿನ ಮುಂದೆ ಒಳ್ಳೆಯ ಡಿಸ್ಕ್ ಬ್ರೇಕ್ ಇತ್ತು. ಪ್ಯಾಡ್ ಹೊಸದು. ಟೈರ್ ಚೆನ್ನಾಗಿತ್ತು. ಇಷ್ಟೆಲ್ಲ ಇದ್ದರೂ ಮುಂದಿನ ಬ್ರೇಕಿನ ಲಿವರ್ ಮೇಲೆ ನನ್ನ ಬೆರಳೇ ಹೋಗಿರಲಿಲ್ಲ. ಬೈಕಿಗೆ ನಿಲ್ಲಲು ಬರುತ್ತಿತ್ತು. ನನಗೆ ನಿಲ್ಲಿಸಲು ಬರುತ್ತಿರಲಿಲ್ಲ.

ನಮ್ಮಲ್ಲಿ ಹೆಚ್ಚಿನವರ ಕತೆ ಇದೇ. ಬೈಕಿನ ಬ್ರೇಕ್ ಸವಾರನಿಗಿಂತ ಚೆನ್ನಾಗಿರುತ್ತದೆ. ಪ್ರಾಣಿ ಅಡ್ಡ ಬಂದಾಗ ಈ ವ್ಯತ್ಯಾಸವೇ ಮೀಟರ್‌ಗಳ ಲೆಕ್ಕದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಬ್ರೇಕ್ ಹಿಡಿಯುವ ಮೊದಲೇ ಹೋಗುವ ದೂರ

ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಪ್ರಾಣಿ ಕಣ್ಣಿಗೆ ಬಿದ್ದು, ಅದು ಪ್ರಾಣಿ ಅಂತ ತಲೆಗೆ ಹೊಳೆದು, ಕೈಗೆ ಸುದ್ದಿ ಮುಟ್ಟಿ, ಬೆರಳು ಲಿವರ್ ಹಿಡಿಯುವಷ್ಟರಲ್ಲಿ ಎಚ್ಚರವಾಗಿರುವ ಸವಾರನಿಗೂ ಒಂದು ಸೆಕೆಂಡ್ ಬೇಕು. ಏನೂ ನಿರೀಕ್ಷೆ ಇಲ್ಲದೆ ಹೋಗುತ್ತಿದ್ದರೆ ಒಂದೂವರೆ ಸೆಕೆಂಡ್. ಆ ಒಂದೂವರೆ ಸೆಕೆಂಡಿನಲ್ಲಿ ಬೈಕು 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ಕೆಲಸ ಇನ್ನೂ ಶುರುವೇ ಆಗಿಲ್ಲ.

ಶುರುವಾದ ಮೇಲಿನ ಲೆಕ್ಕ ಹೀಗಿದೆ. ಒಣ ಡಾಂಬರು ರಸ್ತೆ, ಒಳ್ಳೆಯ ಟೈರ್, ಪಳಗಿದ ಕೈ. ಇಷ್ಟಿದ್ದರೆ ಪ್ರತಿ ಸೆಕೆಂಡಿಗೆ ಸುಮಾರು 28 ಕಿ.ಮೀ. ವೇಗ ಇಳಿಸಬಹುದು. 60ರಲ್ಲಿದ್ದ ಬೈಕು ಎರಡು ಸೆಕೆಂಡ್ ಚಿಲ್ಲರೆಯಲ್ಲಿ, ಸುಮಾರು 18 ಮೀಟರ್ ಒಳಗೆ ನಿಲ್ಲುತ್ತದೆ. ಪಳಗದ ಕೈ, ಹೆದರಿ ಹೆದರಿ ಹಿಡಿದರೆ, ಸೆಕೆಂಡಿಗೆ 18 ಕಿ.ಮೀ. ಇಳಿಸಿದರೆ ಹೆಚ್ಚು. ಆಗ ಅದೇ ಬೈಕಿಗೆ 28 ಮೀಟರ್ ಬೇಕು. ಬೈಕು ಅದೇ, ರಸ್ತೆ ಅದೇ, ನಡುವೆ 10 ಮೀಟರ್. ಒಂದು ದನ ಅಡ್ಡಲಾಗಿ ನಿಂತರೆ ಎರಡೂವರೆ ಮೀಟರ್ ಇರಬಹುದು. ಅಂಥ ನಾಲ್ಕು ದನ ಸಾಲಾಗಿ ನಿಲ್ಲುವಷ್ಟು ಜಾಗ ಇದು.

ವೇಗ ಹೆಚ್ಚಾದಂತೆ ನಿಲ್ಲುವ ದೂರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಪಳಗಿದ ಕೈಯಲ್ಲೇ 40ರಿಂದ ನಿಲ್ಲಲು 8 ಮೀಟರ್ ಸಾಕು, 80ರಿಂದ 31 ಮೀಟರ್ ದಾಟುತ್ತದೆ, 100ರಿಂದ 49 ಮೀಟರ್ ಬೇಕು. ಪ್ರತಿಕ್ರಿಯೆಯ ದೂರ ಇದರ ಮೇಲೆ ಬೇರೆ.

ನನಗೆ ಇದಕ್ಕಿಂತ ಜಾಸ್ತಿ ನಾಟಿದ್ದು ಇನ್ನೊಂದು ಲೆಕ್ಕ. ಇಬ್ಬರು ಸವಾರರು ಅಕ್ಕಪಕ್ಕ ಹೋಗುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರು 60ರಲ್ಲಿ, ಇನ್ನೊಬ್ಬರು 70ರಲ್ಲಿ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಪ್ರಾಣಿ ಕಂಡಿತು. ಇಬ್ಬರೂ ಒಂದು ಸೆಕೆಂಡಿನ ನಂತರ ಒಂದೇ ಬಲದಲ್ಲಿ ಬ್ರೇಕ್ ಹಿಡಿದರು. 60ರವರು ಪ್ರಾಣಿಯ ಮೂಗಿನ ಹತ್ತಿರ ನಿಂತರು. 70ರವರು ಅದೇ ಜಾಗ ತಲುಪಿದಾಗ ಎಷ್ಟು ವೇಗದಲ್ಲಿರುತ್ತಾರೆ? ಹತ್ತು ಅಂತ ಅನಿಸುತ್ತದೆ, ಅಲ್ವಾ? ಅವರು ಇನ್ನೂ 43ರಲ್ಲಿರುತ್ತಾರೆ. ಮೊದಲಿನ ವ್ಯತ್ಯಾಸ ಬರೀ ಹತ್ತು, ಕೊನೆಗೆ ಉಳಿದದ್ದು ನಲವತ್ತಮೂರು. ಈ ಲೆಕ್ಕ ಕೈಯಾರೆ ಮಾಡಿ ನೋಡಿದ ಮೇಲೆ ಪೊದೆ ತುಂಬಿದ ರಸ್ತೆಯಲ್ಲಿ ಹತ್ತು ಕಡಿಮೆ ಹೋಗಲು ನನಗೆ ಯಾರೂ ಹೇಳಬೇಕಾಗಿಲ್ಲ.

ಮುಂದಿನ ಬ್ರೇಕಿನ ಮೇಲಿನ ಭಯ

ಬೈಕು ಕಲಿಸುವಾಗ ಯಾರೋ ಒಬ್ಬರು ಹೇಳಿಯೇ ಇರುತ್ತಾರೆ: "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ." ಈ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧವೇ ಉಳಿದ ಅರ್ಧವನ್ನು ಹಾಳು ಮಾಡಿದೆ.

ಬ್ರೇಕ್ ಹಿಡಿದಾಗ ಬೈಕಿನ ಮೂಗು ತಗ್ಗುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್‌ಗಳು ಕುಗ್ಗುತ್ತವೆ. ನಿಮ್ಮ ಭಾರ, ಬೈಕಿನ ಭಾರ, ಎಲ್ಲ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತದೆ. ನಿಂತ ಬೈಕಿನಲ್ಲಿ ಮುಂದೆ ಹಿಂದೆ ಹೆಚ್ಚುಕಡಿಮೆ ಅರ್ಧರ್ಧ ಇದ್ದ ಭಾರ, ಜೋರಾಗಿ ಬ್ರೇಕ್ ಹಿಡಿದಾಗ ಮುಂದೆ ಶೇ. 80ಕ್ಕೂ ಮೇಲೆ ಹೋಗುತ್ತದೆ. ಟೈರಿನ ಹಿಡಿತ ಅದರ ಮೇಲಿರುವ ಭಾರವನ್ನು ಅವಲಂಬಿಸಿದೆ. ಭಾರ ಇರುವ ಕಡೆ ಹಿಡಿತ. ಹಾಗಾಗಿ ನಿಲ್ಲಿಸುವ ತಾಕತ್ತಿನ ದೊಡ್ಡ ಪಾಲು ಮುಂದಿನ ಚಕ್ರದ್ದೇ. ಹಿಂದಿನ ಚಕ್ರ ಆ ಹೊತ್ತಿಗೆ ಹಗುರಾಗಿ ರಸ್ತೆಯನ್ನು ಸವರುತ್ತಾ ಇರುತ್ತದೆ. ಅದನ್ನು ಜೋರಾಗಿ ತುಳಿದರೆ ಲಾಕ್ ಆಗದೆ ಇನ್ನೇನಾಗುತ್ತದೆ?

ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ, ಟೈರಿನ ಗುರುತು ಅಳೆದು, 1981ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಪದೇ ಪದೇ ಕಂಡ ತಪ್ಪು ನಾನು ಆ ಸಂಜೆ ಮಾಡಿದ್ದೇ: ಹಿಂದಿನ ಬ್ರೇಕ್ ಅತಿಯಾಗಿ ತುಳಿದು ಜಾರಿಸುವುದು, ಮುಂದಿನದನ್ನು ಬೇಕಾದಷ್ಟು ಬಳಸದೇ ಇರುವುದು. ಅಪಾಯ ಕಂಡ ಮೇಲೆ ತಪ್ಪಿಸಿಕೊಳ್ಳಲು ಸವಾರನಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ ಎಂಬುದೂ ಅದರಲ್ಲಿತ್ತು. ಅಷ್ಟು ಹೊತ್ತಿನಲ್ಲಿ ಯಾರೂ ಯೋಚಿಸಿ ತೀರ್ಮಾನ ಮಾಡುವುದಿಲ್ಲ. ಕೈಗೆ ಏನು ಅಭ್ಯಾಸವೋ ಅದೇ ಆಗುತ್ತದೆ.

ಅದೇ ವರದಿಯ ಪ್ರಕಾರ ಪ್ರಾಣಿಯಿಂದಾದ ಅಪಘಾತ ನೂರಕ್ಕೆ ಒಂದು. ಅದು ದೊಡ್ಡ ನಗರವೊಂದರ ಸುತ್ತಮುತ್ತಲ ಲೆಕ್ಕ. ಕಾಡಂಚಿನ ರಸ್ತೆಗೂ ಹುಲ್ಲುಗಾವಲಿನ ನಡುವಿನ ರಸ್ತೆಗೂ ಅದನ್ನು ಹಾಗೇ ತಂದು ಅಂಟಿಸುವುದು ತಪ್ಪಾಗುತ್ತದೆ.

ಈಗ ಆ ಅರ್ಧ ನಿಜಕ್ಕೆ ಬರೋಣ. ಮುಂದಿನ ಬ್ರೇಕ್ ಅಪಾಯ ತರುವುದು ಅದನ್ನು ಹಠಾತ್ತಾಗಿ ಹಿಡಿದಾಗ. ಲಿವರ್ ಎಳೆದ ಕ್ಷಣದಲ್ಲೇ ಭಾರ ಮುಂದೆ ಬಂದು ಬಿಡುವುದಿಲ್ಲ, ಅದಕ್ಕೆ ಒಂದು ಸೆಕೆಂಡಿನ ಕಾಲು ಭಾಗದಷ್ಟಾದರೂ ಹೊತ್ತು ಬೇಕು. ಭಾರ ಬರುವ ಮೊದಲೇ ಪೂರ್ತಿ ಎಳೆದರೆ, ಹಿಡಿತ ಇನ್ನೂ ಹುಟ್ಟದ ಟೈರು ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಬೈಕಿಗೆ ಬ್ಯಾಲೆನ್ಸೇ ಇಲ್ಲ. ಒಂದು ಕ್ಷಣ, ನೀವು ನೆಲದ ಮೇಲೆ.

ಹಾಗಾಗಿ ಲಿವರನ್ನು ಕಿತ್ತುಕೊಳ್ಳುವ ಹಾಗೆ ಎಳೆಯಬಾರದು. ನಿಂಬೆಹಣ್ಣು ಹಿಂಡುವ ಹಾಗೆ ಹಿಂಡಬೇಕು. ಮೊದಲು ಪ್ಯಾಡ್ ಡಿಸ್ಕಿಗೆ ತಾಗುವಷ್ಟು. ಆಗ ಮೂಗು ತಗ್ಗುತ್ತದೆ, ಅಂಗೈಗೆ ಭಾರ ಗೊತ್ತಾಗುತ್ತದೆ. ಅದು ಗೊತ್ತಾದ ಕೂಡಲೇ ಇನ್ನೂ ಜೋರಾಗಿ, ಇನ್ನೂ ಜೋರಾಗಿ. ಬರೆದಾಗ ಇದು ನಿಧಾನ ಅನಿಸುತ್ತದೆ, ಮಾಡುವಾಗ ಎಲ್ಲ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಭಾರ ಬಂದಷ್ಟೂ ಟೈರು ರಸ್ತೆಗೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತದೆ, ಒತ್ತಿಕೊಂಡಷ್ಟೂ ಇನ್ನೂ ಹಿಂಡಬಹುದು. ಹಿಂದಿನ ಬ್ರೇಕ್ ಜೊತೆಗಿರಲಿ, ಹಗುರಾಗಿ. ಹಿಂದೆ ಒಬ್ಬರು ಕೂತಿದ್ದರೆ ಅಥವಾ ಸಾಮಾನು ಕಟ್ಟಿದ್ದರೆ ಹಿಂದಿನ ಚಕ್ರಕ್ಕೂ ಭಾರ ಉಳಿಯುತ್ತದೆ, ಆಗ ಅದನ್ನು ಸ್ವಲ್ಪ ಜಾಸ್ತಿ ಬಳಸಬಹುದು.

ಟ್ಯಾಂಕನ್ನು ಮೊಣಕಾಲಿನಿಂದ ಅಪ್ಪಿ ಹಿಡಿಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮೈಭಾರವೆಲ್ಲ ಮುಂಗೈ ಮೇಲೆ ಬೀಳುತ್ತದೆ. ಹ್ಯಾಂಡಲ್ ಮೇಲೆ ನೇತಾಡುವ ಕೈಗೆ ಲಿವರಿನ ಸೂಕ್ಷ್ಮ ತಿಳಿಯುವುದಿಲ್ಲ.

ಮುಂದಿನ ಚಕ್ರ ಕಿರುಗುಟ್ಟಿ ಹ್ಯಾಂಡಲ್ ಸಡಿಲವಾದಂತೆ ಅನಿಸಿದರೆ ತಕ್ಷಣ ಲಿವರ್ ಬಿಟ್ಟು ಮತ್ತೆ ಹಿಂಡಬೇಕು. ಹಿಂದಿನ ಚಕ್ರದ ಕತೆ ತಿರುವುಮುರುವು. ಅದು ಲಾಕ್ ಆಗಿ ಬೈಕು ಈಗಾಗಲೇ ಅಡ್ಡಕ್ಕೆ ತಿರುಗಿದ್ದರೆ, ಗಾಬರಿಯಲ್ಲಿ ಬ್ರೇಕ್ ಬಿಡಬೇಡಿ. ಅಡ್ಡ ಜಾರುತ್ತಿರುವ ಟೈರಿಗೆ ಒಮ್ಮೆಲೇ ಹಿಡಿತ ಸಿಕ್ಕರೆ ಬೈಕು ಎದುರು ದಿಕ್ಕಿಗೆ ಒದರಿ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಅದಕ್ಕಿಂತ ಹಾಗೇ ಜಾರುತ್ತಾ ನಿಲ್ಲುವುದು ವಾಸಿ.

ಎಬಿಎಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಎಬಿಎಸ್ ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಮೊದಲು ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕೆ100ರಲ್ಲಿ. ಕೆಲಸ ಸರಳ. ಚಕ್ರದ ಪಕ್ಕದಲ್ಲಿ ಹಲ್ಲಿನ ಉಂಗುರ, ಅದರ ಹತ್ತಿರ ಒಂದು ಸೆನ್ಸರ್. ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ಅದು ಎಣಿಸುತ್ತಲೇ ಇರುತ್ತದೆ. ಬೈಕು ಓಡುತ್ತಿದೆ, ಆದರೆ ಚಕ್ರ ಮಾತ್ರ ದಿಢೀರನೆ ನಿಲ್ಲಲು ಹೊರಟಿದೆ ಅಂತ ಕಂಡರೆ ಬ್ರೇಕ್ ಆಯಿಲ್‌ನ ಒತ್ತಡವನ್ನು ಚಣಹೊತ್ತು ಇಳಿಸುತ್ತದೆ, ಮತ್ತೆ ಏರಿಸುತ್ತದೆ. ಸೆಕೆಂಡಿಗೆ ಹಲವು ಸಲ. ಲಿವರಿನಲ್ಲಿ ಟಕಟಕ ಅಂತ ಬರುವ ಬಡಿತ ಇದೇ. ಮೊದಲ ಸಲ ಇದನ್ನು ಕಂಡವರು ಏನೋ ಮುರಿಯಿತು ಅಂದುಕೊಂಡು ಕೈ ಬಿಡುತ್ತಾರೆ. ಬಿಡಬಾರದು. ಎಬಿಎಸ್ ಬಡಿಯುತ್ತಿದೆ ಅಂದರೆ ಅದು ಕೆಲಸದಲ್ಲಿದೆ, ನೀವು ಹಿಂಡುತ್ತಲೇ ಇರಿ.

ಟೈರು ಪೂರ್ತಿ ಉರುಳುತ್ತಿರುವಾಗಲೂ ಅತಿ ಹೆಚ್ಚು ಹಿಡಿತ ಇರುವುದಿಲ್ಲ, ಪೂರ್ತಿ ಜಾರುವಾಗಲೂ ಇರುವುದಿಲ್ಲ. ಶೇ. 10ರಿಂದ 20ರಷ್ಟು ಜಾರುತ್ತಾ ಉರುಳುವಾಗ ಅದು ರಸ್ತೆಯನ್ನು ಚೆನ್ನಾಗಿ ಕಚ್ಚುತ್ತದೆ. ಎಬಿಎಸ್ ಹುಡುಕುವುದು ಆ ಜಾಗವನ್ನೇ.

ಆದರೆ ಅದಕ್ಕೆ ಮಿತಿಗಳಿವೆ. ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು. ಜಲ್ಲಿ, ಮರಳು ಹರಡಿದ ರಸ್ತೆಯಲ್ಲಿ ನಿಲ್ಲುವ ದೂರ ಎಬಿಎಸ್ ಇದ್ದರೆ ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಕೆಲವು ಬೈಕುಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ, ಹಿಂದಿನದು ಲಾಕ್ ಆಗುತ್ತದೆ. ಹಳೆಯ ಸರಳ ಎಬಿಎಸ್‌ಗೆ ಬೈಕು ವಾಲಿದೆಯೋ ನೆಟ್ಟಗಿದೆಯೋ ಗೊತ್ತಿಲ್ಲ. ವಾಲಿಕೆಯನ್ನೂ ಅಳೆದು ಬ್ರೇಕ್ ಹಂಚುವ ವ್ಯವಸ್ಥೆ ಬಂದದ್ದು ಕಳೆದ ದಶಕದಲ್ಲಿ, ಅದೂ ದುಬಾರಿ ಬೈಕುಗಳಿಗೆ ಮೊದಲು. ಇನ್ನು ಎಲ್ಲಕ್ಕಿಂತ ದೊಡ್ಡ ಮಿತಿ: ನೀವು ಲಿವರ್ ಹಿಂಡದೇ ಹೋದರೆ ಎಬಿಎಸ್‌ಗೆ ಮಾಡಲು ಏನೂ ಕೆಲಸವಿಲ್ಲ.

ನಿಲ್ಲಿಸುವುದಾ, ಪಕ್ಕಕ್ಕೆ ತಪ್ಪಿಸುವುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ವೇಗದ ಮೇಲಿದೆ, ಪ್ರಾಣಿಯ ಮೇಲೂ ಇದೆ.

ಒಂದೂವರೆ ಮೀಟರ್ ಪಕ್ಕಕ್ಕೆ ಸರಿದರೆ ಪ್ರಾಣಿ ತಪ್ಪುತ್ತದೆ ಅಂದುಕೊಳ್ಳಿ. ಬೈಕನ್ನು ವಾಲಿಸಿ ಅಷ್ಟು ಸರಿಸಲು, ಕೈ ಚುರುಕಾಗಿದ್ದರೆ, 1.2 ಸೆಕೆಂಡ್ ಹತ್ತಿರ ಬೇಕಾಗುತ್ತದೆ. ಈ ಹೊತ್ತು ವೇಗದ ಜೊತೆ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ 40ರಲ್ಲಿ ಪಕ್ಕಕ್ಕೆ ಸರಿಯಲು 13 ಮೀಟರ್ ಬೇಕು, ಬ್ರೇಕ್ ಹಿಡಿದು ನಿಲ್ಲಲು 8 ಸಾಕು. 60ರಲ್ಲಿ ಎರಡೂ ಹೆಚ್ಚುಕಡಿಮೆ ಸಮ. 100ರಲ್ಲಿ ಸರಿಯಲು 33 ಮೀಟರ್, ನಿಲ್ಲಲು 49.

ಕಾಗದದ ಮೇಲೆ ಹಾಗಾದರೆ ಹೆಚ್ಚು ವೇಗದಲ್ಲಿ ಪಕ್ಕಕ್ಕೆ ತಪ್ಪಿಸುವುದೇ ಲೇಸು. ರಸ್ತೆಯ ಮೇಲೆ ಹಾಗಲ್ಲ. ಸರಿದ ಮೇಲೂ ನೀವು 100ರಲ್ಲೇ ಇರುತ್ತೀರಿ. ಎದುರಿನ ಲೇನಿಗೆ ಹೋಗಿರುತ್ತೀರಿ, ಇಲ್ಲವೇ ರಸ್ತೆಯ ಅಂಚಿಗೆ. ವಾಪಸ್ ಬರಲು ಇನ್ನೊಮ್ಮೆ ಅಷ್ಟೇ ಜೋರಾಗಿ ಎದುರು ಕಡೆ ವಾಲಬೇಕು. ಬಿದ್ದಿರುವ ಕಲ್ಲಾದರೆ ಇದ್ದಲ್ಲೇ ಇರುತ್ತದೆ. ಪ್ರಾಣಿ ಇರುವುದಿಲ್ಲ. ನೀವು ಯಾವ ಕಡೆ ಸರಿದಿರೋ ಅದೂ ಆ ಕಡೆಗೇ ಹಾರಬಹುದು. ಅದಕ್ಕೇ ನನ್ನ ಮಟ್ಟಿಗೆ ಮೊದಲ ಉತ್ತರ ಯಾವಾಗಲೂ ನೆಟ್ಟಗೆ ಬ್ರೇಕ್. ವೇಗ ಇಳಿದಷ್ಟೂ ಪ್ರಾಣಿಗೆ ತಾನೇ ತಪ್ಪಿಸಿಕೊಳ್ಳಲು ಹೊತ್ತು ಸಿಗುತ್ತದೆ. ಸರಿಯುವುದೇ ಆದರೂ ಅರ್ಧ ಇಳಿದ ವೇಗದಲ್ಲಿ ಸರಿಯುವುದು ಸುಲಭ.

ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಟೈರಿನ ಹಿಡಿತ ಒಂದು ಕೊಡ ನೀರಿದ್ದ ಹಾಗೆ. ವಾಲುವುದಕ್ಕೂ ಅದೇ ಕೊಡದಿಂದ, ಬ್ರೇಕಿಗೂ ಅದೇ ಕೊಡದಿಂದ. 30 ಡಿಗ್ರಿ ವಾಲಿ ತಿರುಗುತ್ತಿರುವ ಬೈಕಿಗೆ ತನ್ನ ತೂಕದ ಶೇ. 58ರಷ್ಟು ಹಿಡಿತ ಬರೀ ತಿರುಗುವುದಕ್ಕೇ ಬೇಕು. ಒಣ ರಸ್ತೆಯಲ್ಲಿ ಟೈರು ಶೇ. 90 ಕೊಡುತ್ತದೆ ಅಂತಿಟ್ಟುಕೊಳ್ಳಿ. ಈ ಬಲಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ನೇರ ಕಳೆಯುವ ಲೆಕ್ಕ ನಡೆಯುವುದಿಲ್ಲ, ಶಾಲೆಯಲ್ಲಿ ಕಲಿತ ಪೈಥಾಗರಸ್ ಬೇಕು. ಬ್ರೇಕಿಗೆ ಇನ್ನೂ ಶೇ. 69 ಉಳಿಯುತ್ತದೆ, ಪರವಾಗಿಲ್ಲ. ಅದೇ ರಸ್ತೆ ಒದ್ದೆಯಾಗಿ ಒಟ್ಟು ಹಿಡಿತ ಶೇ. 60ಕ್ಕೆ ಇಳಿದರೆ? ಬ್ರೇಕಿಗೆ ಉಳಿಯುವುದು ಶೇ. 16. ಲಿವರನ್ನು ಸ್ವಲ್ಪ ಗಟ್ಟಿಯಾಗಿ ಮುಟ್ಟಿದರೂ ಮುಂದಿನ ಚಕ್ರ ಕಾಲಡಿಯಿಂದ ಹೋಯಿತು ಅಂತಲೇ ಲೆಕ್ಕ. ಜಾನುವಾರು ಓಡಾಡುವ ರಸ್ತೆಯಲ್ಲಿ ಒದ್ದೆಯಾಗಲು ಮಳೆಯೇ ಬೇಕಿಲ್ಲ, ಹಸಿ ಸಗಣಿ ಸಾಕು.

ಹಾಗಾಗಿ ಮೊದಲು ನೆಟ್ಟಗೆ ಬ್ರೇಕ್, ನಂತರ ಲಿವರ್ ಬಿಟ್ಟು ಸರಿಯುವುದು. ಅಥವಾ ಮೊದಲು ಸರಿದು, ಬೈಕು ನೆಟ್ಟಗಾದ ಮೇಲೆ ಬ್ರೇಕ್. ತಿರುವಿನ ನಡುವೆಯೇ ಪ್ರಾಣಿ ಕಂಡರೆ, ಜಾಗ ಇದ್ದರೆ ಬೈಕನ್ನು ನೆಟ್ಟಗೆ ಎಬ್ಬಿಸಿ ಆಮೇಲೆ ಜೋರಾಗಿ ಹಿಂಡಿ.

ಸರಿಯುವುದು ಹೇಗೆ ಅನ್ನುವುದರಲ್ಲೂ ಒಂದು ವಿಚಿತ್ರ ಇದೆ. ಓಡುವ ಬೈಕು ಎಡಕ್ಕೆ ಹೋಗಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು. ಚಕ್ರ ಚೂರು ಬಲಕ್ಕೆ ತಿರುಗುತ್ತದೆ, ಬೈಕು ಎಡಕ್ಕೆ ವಾಲುತ್ತದೆ, ಎಡಕ್ಕೆ ಹೋಗುತ್ತದೆ. ನಂಬಿಕೆ ಬರದಿದ್ದರೆ ಖಾಲಿ ರಸ್ತೆಯಲ್ಲಿ 40ರಲ್ಲಿ ಮೆಲ್ಲಗೆ ತಳ್ಳಿ ನೋಡಿ. ನಾವೆಲ್ಲ ಗೊತ್ತಿಲ್ಲದೇ ದಿನಾ ಇದನ್ನೇ ಮಾಡುತ್ತಿರುತ್ತೇವೆ. ಗೊತ್ತಿದ್ದು ಮಾಡದಿದ್ದರೆ, ಗಾಬರಿಯಲ್ಲಿ ಹ್ಯಾಂಡಲನ್ನು ಮೂರು ಚಕ್ರದ ಸೈಕಲ್ಲಿನ ಹಾಗೆ ಬೇಕಾದ ಕಡೆಗೇ ಎಳೆಯುತ್ತೇವೆ, ಬೈಕು ಪ್ರಾಣಿಯ ಕಡೆಗೇ ನುಗ್ಗುತ್ತದೆ.

ಕಣ್ಣಿನ ಕತೆಯೂ ಹೀಗೇ. ನೋಡಿದ ಕಡೆಗೇ ಬೈಕು ಹೋಗುತ್ತದೆ. ದನವನ್ನೇ ದಿಟ್ಟಿಸುತ್ತಾ ಹೋದರೆ ದನದ ಹೊಟ್ಟೆಗೇ ಹೋಗಿ ಗುದ್ದುತ್ತೀರಿ. ಪಕ್ಕದ ಖಾಲಿ ಜಾಗವನ್ನು ನೋಡಬೇಕು. ಹೇಳುವುದು ಸುಲಭ, ಹೆದರಿದ ಕಣ್ಣು ಮಾತು ಕೇಳುವುದಿಲ್ಲ.

ಒಂದೊಂದು ಪ್ರಾಣಿಗೆ ಒಂದೊಂದು ಬುದ್ಧಿ

ದನ, ಎಮ್ಮೆ ನಿಧಾನ. ನಡೆಯುತ್ತಿದ್ದರೆ ಸಾಮಾನ್ಯವಾಗಿ ಮುಂದಕ್ಕೇ ನಡೆಯುತ್ತವೆ, ಹಿಂದಕ್ಕೆ ಹೆಜ್ಜೆ ಇಡುವುದು ಅಪರೂಪ. ಅದಕ್ಕೇ ವೇಗ ಪೂರ್ತಿ ಇಳಿಸಿ, ಬಾಲದ ಕಡೆಯಿಂದ ದಾಟಬೇಕು. ಮೂಗಿನ ಮುಂದೆ ನುಸುಳಲು ಹೋದರೆ ಅದು ಒಂದು ಹೆಜ್ಜೆ ಇಟ್ಟರೂ ಕೆಲಸ ಕೆಟ್ಟಿತು. ಕರು ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದರೆ ನಿಂತೇ ಬಿಡಿ. ಕರು ತಾಯಿಯ ಕಡೆಗೆ ಓಡದೆ ಇರುವುದಿಲ್ಲ.

ಜಿಂಕೆ ಜಾತಿಯವು ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಓಡಾಡುತ್ತವೆ. ಒಂಟಿಯಾಗಿ ಬರುವುದು ಕಡಿಮೆ. ಒಂದು ದಾಟಿತು, ಅಬ್ಬ ಅಂತ ಥ್ರಾಟಲ್ ತಿರುಗಿಸುವ ಹೊತ್ತಿಗೇ ಹಿಂದಿನದು ಹಾರುತ್ತದೆ. ಹೋದದ್ದನ್ನು ನೋಡಬೇಡಿ, ಅದು ಎಲ್ಲಿಂದ ಬಂತೋ ಆ ಕಡೆ ನೋಡಿ. ಬೈಕಿಗೆ ಸಿಕ್ಕಿಸುವ ಸಣ್ಣ ಸೀಟಿಗಳು ಗಾಳಿಯಲ್ಲಿ ಊದಿ ಜಿಂಕೆಯನ್ನು ಓಡಿಸುತ್ತವೆ ಅಂತ ಮಾರುತ್ತಾರೆ. ಪರೀಕ್ಷೆ ಮಾಡಿದವರಿಗೆ ನಂಬುವಂಥ ಫಲ ಕಂಡಿಲ್ಲ. ಅದೇ ದುಡ್ಡಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಳ್ಳಿ.

ಅಳಿಲು ಹೆದರಿದರೆ ಅಂಕುಡೊಂಕಾಗಿ ಓಡುತ್ತದೆ. ಹದ್ದಿನಿಂದ ತಪ್ಪಿಸಿಕೊಳ್ಳಲು ಕಲಿತ ಉಪಾಯ ಅದು, ಚಕ್ರದ ಮುಂದೆ ನಡೆಯುವುದಿಲ್ಲ. ಅದಕ್ಕಾಗಿ ನೀವೂ ಅಂಕುಡೊಂಕಾದರೆ ಇಬ್ಬರಿಗೂ ಕೇಡು. ನೆಟ್ಟಗೆ, ನಿಧಾನಕ್ಕೆ.

ಪ್ರಾಣಿಯ ನಡೆ ಊಹಿಸುವುದು ಯಂತ್ರಕ್ಕೂ ಕಷ್ಟ ಅನ್ನುವುದಕ್ಕೆ ಒಂದು ತಮಾಷೆ ಇದೆ. ಸ್ವೀಡನ್ನಿನ ದೊಡ್ಡ ಜಿಂಕೆಗಳನ್ನು ನೋಡಿ ಕಲಿತಿದ್ದ ವೋಲ್ವೊ ಕಾರಿನ ಪ್ರಾಣಿ ಗುರುತಿಸುವ ವ್ಯವಸ್ಥೆ ಆಸ್ಟ್ರೇಲಿಯಾದಲ್ಲಿ ಕಾಂಗರೂ ನೋಡಿ ಗೊಂದಲಕ್ಕೆ ಬಿತ್ತು ಎಂಬುದು 2017ರಲ್ಲಿ ಸುದ್ದಿಯಾಯಿತು. ನೆಲವನ್ನು ಆಧಾರವಾಗಿಟ್ಟುಕೊಂಡು ದೂರ ಅಳೆಯುತ್ತಿದ್ದ ಅದಕ್ಕೆ, ಕಾಂಗರೂ ಮೇಲೆ ಹಾರಿದಾಗ ದೂರ ಹೋದಂತೆ, ಕೆಳಗೆ ಇಳಿದಾಗ ಹತ್ತಿರ ಬಂದಂತೆ ಕಾಣುತ್ತಿತ್ತಂತೆ.

ನಾಯಿಯದ್ದು ಬೇರೆಯೇ ವಿಷಯ. ಅಟ್ಟಿಸಿಕೊಂಡು ಬರುವ ನಾಯಿ ನೀವು ಈಗ ಇರುವ ಜಾಗಕ್ಕೆ ಓಡುವುದಿಲ್ಲ, ನೀವು ಮುಂದೆ ತಲುಪುವ ಜಾಗಕ್ಕೆ ಓಡುತ್ತದೆ. ನಿಮ್ಮ ವೇಗ ನೋಡಿ ಅದು ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತದೆ. ಆ ಲೆಕ್ಕ ಕೆಡಿಸಬೇಕು. ದೂರದಲ್ಲೇ ಕಂಡರೆ ವೇಗ ಇಳಿಸಿ, ಒಂದು ಗೇರ್ ಕೆಳಗೆ ಹಾಕಿ. ನಾಯಿಯೂ ನಿಧಾನ ಮಾಡಿ ಹೊಸ ಅಂದಾಜು ಹಾಕುತ್ತದೆ. ಅದು ಹತ್ತಿರ ಬರುತ್ತಿದ್ದಂತೆ ನೆಟ್ಟಗೆ ಮುಂದಕ್ಕೆ ವೇಗ ಹೆಚ್ಚಿಸಿ. ಅದು ಬಂದು ಸೇರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಒದೆಯಲು ಕಾಲು ಚಾಚಬೇಡಿ. ಒಂಟಿ ಕಾಲಿನ ಬ್ಯಾಲೆನ್ಸ್, ಕಾಲಿಗೆ ನಾಯಿ, ಬೇಕಾ ಇದೆಲ್ಲ?

ಹಾರನ್ ದೂರದಲ್ಲಿದ್ದಾಗ ಚಿಕ್ಕದಾಗಿ ಒಮ್ಮೆ ಹೊಡೆದರೆ ಉಪಯೋಗ ಇದೆ. ಹತ್ತಿರ ಹೋಗಿ ಬಾರಿಸಿದರೆ ಪ್ರಾಣಿ ಬೆಚ್ಚುತ್ತದೆ, ಬೆಚ್ಚಿದ ಪ್ರಾಣಿ ಯಾವ ಕಡೆ ಹಾರುತ್ತದೋ ಅದಕ್ಕೇ ಗೊತ್ತಿಲ್ಲ. ಕುದುರೆಯ ಹತ್ತಿರವಂತೂ ಹಾರನ್ನೂ ಬೇಡ, ಎಂಜಿನ್ ರೇಸ್ ಮಾಡುವುದೂ ಬೇಡ.

ಬೆಳಕು ಮುಗಿಯುವ ಜಾಗ

ಹೆಡ್‌ಲೈಟ್ ಡಿಮ್‌ನಲ್ಲಿದ್ದಾಗ ರಸ್ತೆ ಸ್ಪಷ್ಟವಾಗಿ ಕಾಣುವುದು ಸುಮಾರು 50, 60 ಮೀಟರ್. 80ರಲ್ಲಿ ಹೋಗುತ್ತಿದ್ದರೆ ಒಂದೂವರೆ ಸೆಕೆಂಡಿನ ಪ್ರತಿಕ್ರಿಯೆಗೆ 33 ಮೀಟರ್, ಪಳಗಿದ ಕೈಯ ಬ್ರೇಕಿಗೆ 31ಕ್ಕೂ ಮೇಲೆ. ಒಟ್ಟು 65. ಅಂದರೆ ಬೆಳಕು ಮುಗಿಯುವ ಜಾಗದಲ್ಲಿ ಎಮ್ಮೆ ಇದ್ದರೆ, ಎಷ್ಟೇ ಚೆನ್ನಾಗಿ ಬ್ರೇಕ್ ಹಿಡಿದರೂ ನೀವು ಅದನ್ನು ಮುಟ್ಟಿಯೇ ತೀರುತ್ತೀರಿ. ಕಪ್ಪು ಎಮ್ಮೆಯಂತೂ ಇನ್ನೂ ಹತ್ತಿರ ಬಂದ ಮೇಲೇ ಕಾಣುವುದು. 60ರಲ್ಲಾದರೆ ಒಟ್ಟು 43 ಮೀಟರ್, ಬೆಳಕಿನೊಳಗೇ ನಿಲ್ಲಬಹುದು.

ಅನೇಕ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ. ಬೆಳಕು ಬಿದ್ದರೆ ಎರಡು ಚುಕ್ಕಿ ಹೊಳೆಯುವುದು ಅದರಿಂದಲೇ. ಪ್ರಾಣಿ ಕಾಣುವ ಮೊದಲೇ ಆ ಚುಕ್ಕಿ ಕಾಣುತ್ತದೆ. ಆದರೆ ಅದು ನಿಮ್ಮ ಕಡೆ ನೋಡುತ್ತಿದ್ದರೆ ಮಾತ್ರ. ಎದುರಿನ ವಾಹನದ ದೀಪ ಒಂದು ಕ್ಷಣ ಮಿಟುಕಿದಂತೆ ಆಗುವುದನ್ನೂ ಗಮನಿಸಿ: ನಡುವೆ ಏನೋ ದಾಟಿರುತ್ತದೆ.

ಇಂಥ ರಸ್ತೆಯಲ್ಲಿ ಎರಡು ಬೆರಳನ್ನು ಮುಂದಿನ ಬ್ರೇಕಿನ ಲಿವರ್ ಮೇಲೆ ಸುಮ್ನೆ ಇಟ್ಟುಕೊಂಡೇ ಹೋಗಿ. ಎಳೆಯುವುದು ಬೇಡ, ಮುಟ್ಟಿಕೊಂಡಿರಲಿ. ಮೂರನೇ ಒಂದು ಸೆಕೆಂಡ್ ಉಳಿದರೂ 60ರಲ್ಲಿ ಐದೂವರೆ ಮೀಟರ್ ಉಳಿಯಿತು.

ಗುದ್ದುವುದು ಖಾತ್ರಿ ಆದಾಗ

ಬೈಕನ್ನು ಬೇಕಂತಲೇ ಮಲಗಿಸಿ ಜಾರಿಸಿದರೆ ಬಚಾವಾಗಬಹುದು ಅನ್ನುವವರಿದ್ದಾರೆ. ಕಬ್ಬಿಣ, ಪ್ಲಾಸ್ಟಿಕ್ಕಿಗಿಂತ ರಬ್ಬರು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮಲಗಿಸಿದ ಬೈಕು ನಿಲ್ಲುವುದು ಇನ್ನೂ ದೂರ ಹೋದ ಮೇಲೆ, ನೀವೂ ಅದರ ಜೊತೆಗೇ. ಚಕ್ರದ ಮೇಲೆ ಇದ್ದು ಕೊನೆಯ ತನಕ ಬ್ರೇಕ್ ಹಿಂಡುವುದೇ ಸರಿ. 60ರಿಂದ 50ಕ್ಕೆ ಇಳಿದರೂ ಗುದ್ದಿನ ಶಕ್ತಿ ಶೇ. 30ರಷ್ಟು ಕಡಿಮೆಯಾಗಿರುತ್ತದೆ. 30ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿರುತ್ತದೆ.

ಸಣ್ಣ ಪ್ರಾಣಿಗೆ ಮಾತ್ರ ಬೇರೆ ನಿಯಮ. ಚಕ್ರ ಅದರ ಮೇಲೆ ಹತ್ತುವುದು ಖಚಿತವಾದರೆ, ಆ ಕೊನೆಯ ಗಳಿಗೆಯಲ್ಲಿ ಬ್ರೇಕ್ ಬಿಡಿ. ಬ್ರೇಕಿನಲ್ಲಿ ಪೂರ್ತಿ ಕುಗ್ಗಿರುವ ಶಾಕ್‌ಗೆ ಇನ್ನೊಂದು ಏಟು ತಾಳಲು ಜಾಗವಿರುವುದಿಲ್ಲ, ಬಿಟ್ಟರೆ ಅದು ಮೇಲೆ ಬಂದು ಏಟು ನುಂಗುತ್ತದೆ. ಸೀಟಿನಿಂದ ಚೂರು ಎದ್ದು, ಟ್ಯಾಂಕ್ ಅಪ್ಪಿ, ಹ್ಯಾಂಡಲ್ ನೆಟ್ಟಗೆ ಹಿಡಿದು ದಾಟಿ. ಮನಸ್ಸಿಗೆ ಕಷ್ಟವೇ. ಆದರೆ ಬೆಕ್ಕನ್ನು ಉಳಿಸಲು ಹೋಗಿ ಎದುರಿನ ಲಾರಿಯ ಕೆಳಗೆ ಹೋದವರ ಸುದ್ದಿ ಓದುವುದು ಇನ್ನೂ ಕಷ್ಟ.

ಮೈದಾನದಲ್ಲಿ ಎರಡು ವಾರ

ಆ ನಾಯಿಯ ಸಂಜೆಯ ನಂತರ ನಾನು ಒಂದು ಖಾಲಿ ಮೈದಾನದ ಪಕ್ಕದ ಡಾಂಬರು ತುಂಡು ಹುಡುಕಿಕೊಂಡೆ. ಹೋಗುವ ಮೊದಲು ಟೈರಿನ ಗಾಳಿ ನೋಡಿದೆ, ಪ್ಯಾಡ್ ನೋಡಿದೆ, ಎರಡು ವರ್ಷ ದಾಟಿದ್ದ ಬ್ರೇಕ್ ಆಯಿಲ್ ಬದಲಾಯಿಸಿದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದ್ದರೆ ಗುಳ್ಳೆ ಬರುತ್ತದೆ, ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ರಸ್ತೆಗೆ ಅಡ್ಡಲಾಗಿ ಒಂದು ಚಾಕ್ ಗೆರೆ ಎಳೆದೆ. ಗೆರೆ ಮುಟ್ಟಿದ ಕೂಡಲೇ ಬ್ರೇಕ್, ಜೊತೆಗೇ ಕ್ಲಚ್. ಮೊದಲು 20ರಲ್ಲಿ, ಆಮೇಲೆ 30, ಆಮೇಲೆ 40. ಹೆಲ್ಮೆಟ್, ಜಾಕೆಟ್, ಗ್ಲೌಸ್ ಹಾಕಿಕೊಂಡೇ. ಮೊದಲ ದಿನ ಬೆರಳು ಹೆದರುತ್ತಿತ್ತು. ಹಿಂದಿನ ಚಕ್ರ ಎರಡು ಸಲ ಕಿರುಗುಟ್ಟಿತು. 40ರಿಂದ ನಿಂತ ಜಾಗಕ್ಕೆ ಗೆರೆಯಿಂದ ನಡೆದು ಎಣಿಸಿದರೆ ಹದಿನೆಂಟು ಹೆಜ್ಜೆ. ದಿನಾ ಸಂಜೆ ಹತ್ತು ಹದಿನೈದು ಸಲ ಮಾಡಿದೆ. ಮೂಗು ತಗ್ಗುವುದನ್ನು ಕಾಯುವುದು, ತಗ್ಗಿದ ಮೇಲೆ ಹಿಂಡುವುದು, ನಿಲ್ಲುವ ತನಕ ಕಣ್ಣು ಕೆಳಗೆ ಹಾಕದಿರುವುದು. ಎರಡು ವಾರದ ನಂತರ ಮತ್ತೆ ಎಣಿಸಿದೆ. ಹನ್ನೆರಡು ಹೆಜ್ಜೆ.

ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ. ಬಿಟ್ಟರೆ ಹದಿನಾಲ್ಕಕ್ಕೆ ಬಂದು ನಿಲ್ಲುತ್ತದೆ.